ಪೆಟ್ಟಿಗೆ ಮಾತಾಡಬಾರದು

1979ರ ಅಕ್ಟೋಬರ್‌ನಲ್ಲಿ ಯಶವಂತಪುರದ ಗೂಡ್ಸ್ ಶೆಡ್ಡಿಗೆ ನಾಲ್ಕು ಮರದ ಪೆಟ್ಟಿಗೆಗಳು ವಾಪಸ್ ಬಂದವು. ಆಗಸ್ಟ್‌ನಲ್ಲಿ ಅಲ್ಲಿಂದಲೇ ರಾಜಸ್ಥಾನದ ಒಂದು ಕಾಲೇಜಿಗೆ ಹೊರಟಿದ್ದ ಹನ್ನೊಂದು ಪೆಟ್ಟಿಗೆಗಳಲ್ಲಿ ಇವು ನಾಲ್ಕು. ಒಳಗೆ ಪ್ರಯೋಗಶಾಲೆಯ ಗಾಜಿನ ಸಾಮಾನು ಇತ್ತು. ಇಡಿಯಾಗಿ ಉಳಿದದ್ದು ಬಹಳ ಕಡಿಮೆ.

ಅವನ್ನು ನಮ್ಮ ಕಾರ್ಖಾನೆಯ ಶೆಡ್ಡಿಗೆ ತಂದ ಮೇಲೆ ಪ್ಯಾಕಿಂಗ್ ಮೇಸ್ತ್ರಿ ಮೊದಲ ಪೆಟ್ಟಿಗೆಯ ಮುಚ್ಚಳ ಎಬ್ಬಿಸಿ, ಅಂಗಿಯ ತೋಳು ಮಡಿಸಿ, ಮೊಣಕೈ ತನಕ ಕೈಯನ್ನು ಹುಲ್ಲಿನೊಳಗೆ ಬಿಟ್ಟರು. ಅವರ ಮೊಣಕೈಯಿಂದ ಮಣಿಕಟ್ಟಿನವರೆಗೆ ಸಣ್ಣ ಸಣ್ಣ ಬಿಳಿ ಗೆರೆಗಳು ಒಂದರ ಮೇಲೊಂದು ಹಾದುಹೋಗಿದ್ದವು. ನಲವತ್ತು ವರ್ಷ ಭತ್ತದ ಹುಲ್ಲು ಗೀರಿದ ಗೆರೆಗಳು ಅವು. ಹೊಸಬರು ಬೆಕ್ಕು ಪರಚಿತೇ ಎಂದು ಕೇಳುತ್ತಿದ್ದರು. ಅವರು ಒಂದು ಹಿಡಿ ಹುಲ್ಲು ಹೊರಗೆ ತೆಗೆದು ಮೂಗಿನ ಹತ್ತಿರ ಹಿಡಿದರು. ಯಾರ ಮುಖವನ್ನೂ ನೋಡಲಿಲ್ಲ. ಎರಡು ಮಾರು ದೂರ ನಿಂತಿದ್ದ ನನಗೂ ವಾಸನೆ ಬಂತು. ಮುಗ್ಗಲು ವಾಸನೆ. ಅದು ಯಾವ ಹುಲ್ಲು, ಯಾವ ದಿನ ಪೆಟ್ಟಿಗೆಗೆ ಹೋಯಿತು ಎಂಬುದು ಆ ಶೆಡ್ಡಿನಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಅಟ್ಟೂರಿನಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಇನ್ನೊಬ್ಬ ನಾನು.

ಆಗ ನನಗೆ ಇಪ್ಪತ್ತಮೂರು ವರ್ಷ. ಮತ್ತಿಕೆರೆಯವನು. ಬಿ.ಎ. ಮುಗಿಸಿ, ಯಶವಂತಪುರದ ಆ ಸಣ್ಣ ಗಾಜಿನ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಗುಮಾಸ್ತನಾಗಿ ಸೇರಿ ಹತ್ತು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮನೆಯಲ್ಲಿ ದುಡಿಯುತ್ತಿದ್ದವನು ನಾನೊಬ್ಬನೇ.

ಮೇಸ್ತ್ರಿ ಗದಗದ ಕಡೆಯವರು. ಅವರ ತಂದೆ ಬಳೆ ವ್ಯಾಪಾರಿ. ಊರೂರಿಗೆ ಹೋಗುವ ಬಳೆಯ ಪೆಟ್ಟಿಗೆಗಳಿಗೆ ಹುಲ್ಲು ತುಂಬುವುದನ್ನು ಹತ್ತು ವರ್ಷದವರಿದ್ದಾಗಲೇ ಕಲಿತಿದ್ದರು. ಬೆಂಗಳೂರಿಗೆ ಬಂದ ಮೇಲೆ ಬಳೆಯ ಜಾಗಕ್ಕೆ ಗಾಜಿನ ಕೊಳವೆ, ಫ್ಲಾಸ್ಕು, ಜಾಡಿಗಳು ಬಂದವು. ಹುಲ್ಲು ಅದೇ ಉಳಿಯಿತು. ಮತ್ತಿಕೆರೆಯಲ್ಲಿ ನಮ್ಮ ಮನೆಯಿಂದ ಮೂರು ಮನೆ ಆಚೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ಮಕ್ಕಳಿರಲಿಲ್ಲ. ಬೆಳಿಗ್ಗೆ ನಾವಿಬ್ಬರೂ ರೈಲ್ವೆ ಗೇಟು ದಾಟಿ ಒಟ್ಟಿಗೆ ಕಾರ್ಖಾನೆಗೆ ನಡೆದು ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಅವರೇ ಮಾತಾಡುತ್ತಿದ್ದರು. ನಾನು ಬಾಯಿ ಹಾಕಿದರೆ, 'ತಡಿ ತಮ್ಮಾ, ಇನ್ನೂ ಮುಗಿದಿಲ್ಲ' ಎನ್ನುತ್ತಿದ್ದರು.

ನಾನು ಬರೆಯುತ್ತಿದ್ದ ಕಾಗದಗಳಲ್ಲಿ ಆ ಕೆಲಸಕ್ಕೆ ಒಂದೇ ಹೆಸರು: ಪ್ಯಾಡಿಂಗ್. ಅಟ್ಟೂರಿನ ಕಡೆಯ ಹೆಂಗಸರ ಬಾಯಲ್ಲಿ ಅದು 'ಪಾಡಿಂಗು' ಆಗಿತ್ತು. ಮತ್ತಿಕೆರೆಯಲ್ಲಿ ಅದೇ ಮಾತು ಬೇರೆ ಬೇರೆ ಕಡೆ ಕಿವಿಗೆ ಬೀಳುತ್ತಿತ್ತು. ನಮ್ಮ ಬೀದಿಯ ದರ್ಜಿ ಮದುವೆ ಕೋಟಿನ ಭುಜಕ್ಕೆ ಪ್ಯಾಡಿಂಗ್ ಇಡಲೋ ಬೇಡವೋ ಎಂದು ಗಿರಾಕಿಯನ್ನು ಕೇಳುತ್ತಿದ್ದ. ಭುಜವಿಲ್ಲದ ಮದುಮಗನಿಗೆ ಭುಜ ಕೊಡುವುದು ತನ್ನ ಕೆಲಸ ಎಂದು ನಗುತ್ತಿದ್ದ. ಬಾಡಿಗೆ ಕೋಣೆಗಳಲ್ಲಿದ್ದ ಕಾಲೇಜು ಹುಡುಗರು ಪರೀಕ್ಷೆ ಮುಗಿಸಿ ಬಂದು ಹೋಟೆಲಿನಲ್ಲಿ ಕೂತು, ಗೊತ್ತಿದ್ದದ್ದು ಅರ್ಧ ಪುಟ, ಪ್ಯಾಡಿಂಗ್ ಹಾಕಿದ್ದು ಐದು ಪುಟ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಮೇಸ್ತ್ರಿಗೆ ಈ ಎರಡೂ ಬಳಕೆ ಹಿಡಿಸುತ್ತಿರಲಿಲ್ಲ. ಅವರ ಪ್ರಕಾರ ಪ್ಯಾಡಿಂಗ್ ಎಂದರೆ ತೋರಿಕೆಗೆ ತುಂಬುವುದಲ್ಲ. ಒಡೆಯುವ ವಸ್ತುವೊಂದು ಒಳಗಿರಬೇಕು, ಹೊರಗಿನ ಪೆಟ್ಟು ಅದಕ್ಕೆ ತಾಗುವ ಮೊದಲು ಹುಲ್ಲಿಗೆ ತಾಗಬೇಕು. ಅಷ್ಟೇ.

ಅವರ ಕೆಲಸದ ಕ್ರಮ ಹೀಗಿತ್ತು. ರಾಗಿ ಹುಲ್ಲನ್ನು ಅವರು ಶೆಡ್ಡಿನೊಳಗೆ ಬಿಡುತ್ತಿರಲಿಲ್ಲ. ದಂಟು ಗಡುಸು, ಗಾಜಿಗೆ ಗೀರು ಬೀಳುತ್ತದೆ ಎನ್ನುತ್ತಿದ್ದರು. ಯಲಹಂಕ ಕೆರೆಯ ಕೆಳಗಿನ ಗದ್ದೆಗಳಿಂದ ಭತ್ತದ ಹುಲ್ಲು ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ಬಂದ ಹುಲ್ಲು ಮೂರು ಬಿಸಿಲು ಕಾಣುವ ತನಕ ಯಾರೂ ಮುಟ್ಟುವಂತಿಲ್ಲ. ಒಣಗಿದೆಯೇ ಎಂದು ನೋಡಲು ಒಂದು ಹಿಡಿ ಹುಲ್ಲನ್ನು ಕಿವಿಯ ಹತ್ತಿರ ಹಿಡಿದು ಹಿಂಡುತ್ತಿದ್ದರು. ಒಣ ಹುಲ್ಲು ಸದ್ದು ಮಾಡುತ್ತದೆ, ಹಸಿ ಹುಲ್ಲು ಸುಮ್ಮನಿರುತ್ತದೆ. ಪೆಟ್ಟಿಗೆಯ ನಾಲ್ಕೂ ಗೋಡೆಗೆ ಮೂರು ಬೆರಳಿನಷ್ಟು ದಪ್ಪ, ತಳಕ್ಕೆ ಒಂದು ಗೇಣು. ಮೊಳೆ ಹೊಡೆದ ಮೇಲೆ ಪೆಟ್ಟಿಗೆಯನ್ನು ಮೊಣಕಾಲ ಎತ್ತರಕ್ಕೆ ಎತ್ತಿ ಅಲ್ಲಾಡಿಸಿ, ಹಲಗೆಗೆ ಕಿವಿ ಇಡಬೇಕು. ಒಳಗಿಂದ ಒಂದು ಟಿಕ್ ಕೇಳಿದರೂ ಮೊಳೆ ಕಿತ್ತು ಮತ್ತೆ ಮೊದಲಿನಿಂದ.

'ಪೆಟಗಿ ಮಾತಾಡಬಾರ್ದು' ಎನ್ನುತ್ತಿದ್ದರು. ಹೊಸದಾಗಿ ಸೇರಿದವರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠ ಇದು.

ಇನ್ನೊಂದು ಪದ್ಧತಿ ಅವರದೇ. ಕಂಪನಿಯ ನಿಯಮಗಳಲ್ಲಿ ಎಲ್ಲೂ ಇರಲಿಲ್ಲ. ಶೆಡ್ಡಿನಲ್ಲಿ ಏಳು ಜನ. ಒಬ್ಬೊಬ್ಬರಿಗೂ ಒಂದು ನಂಬರು. ಪೆಟ್ಟಿಗೆ ತುಂಬುವವರು ತಮ್ಮ ನಂಬರು ಮತ್ತು ಆ ದಿನದ ತಾರೀಕು ಬರೆದ ಚೀಟಿಯನ್ನು ತಳದ ಹುಲ್ಲಿನೊಳಗೆ ಇಡಬೇಕಿತ್ತು. ಮೇಸ್ತ್ರಿಯದು ಒಂದನೇ ನಂಬರು. ಅಟ್ಟೂರಿನಾಕೆಯದು ಏಳು. ಈ ಚೀಟಿ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. 'ಒಡದ್ರ ಯಾರ ಕೈ ಅಂತ ಗೊತ್ತಾಗಬೇಕಲ್ಲ ತಮ್ಮಾ. ಆ ಕೈಗೆ ಮತ್ತ ಕಲಿಸ್ಬೇಕು' ಎಂದಿದ್ದರು. ಆ ಚೀಟಿಯನ್ನು ಬೇರೆ ಯಾವುದಕ್ಕಾದರೂ ಬಳಸಬಹುದು ಎಂದು ಅವರಿಗೆ ಹೊಳೆದಿರಲಿಲ್ಲ ಎಂದೇ ನನ್ನ ಎಣಿಕೆ.

ಅಟ್ಟೂರಿನಾಕೆ ಮೂರು ವರ್ಷದಿಂದ ಟೆಂಪರರಿ. ದಿನಾ ಯಲಹಂಕ ಸ್ಟೇಷನ್ನಿಗೆ ನಡೆದು ಬಂದು ರೈಲು ಹಿಡಿಯುತ್ತಿದ್ದಳು. ಗಂಡ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ನವೆಂಬರ್‌ನಲ್ಲಿ ಖಾಯಂ ಮಾಡುವ ಪಟ್ಟಿಯಲ್ಲಿ ಅವಳ ಹೆಸರಿತ್ತು. ಆ ಪಟ್ಟಿಗೆ ಅವಳನ್ನು ಸೇರಿಸಬೇಕೆಂದು ಮೇಸ್ತ್ರಿ ಮ್ಯಾನೇಜರ ಕೋಣೆಗೆ ನಾಲ್ಕು ಸಲ ಹೋಗಿದ್ದರು.

ಈಗ ಆಗಸ್ಟ್ ತಿಂಗಳ ಆ ದಿನದ ವಿಷಯ. ಆರು ದಿನದಿಂದ ಬಿಟ್ಟೂ ಬಿಡದೆ ಮಳೆ. ಅಟ್ಟದ ಮೇಲಿದ್ದ ಒಣ ಹುಲ್ಲು ಹನ್ನೊಂದು ಪೆಟ್ಟಿಗೆಗಳಲ್ಲಿ ಏಳಕ್ಕೆ ಮುಗಿಯಿತು. ಹೊಸದಾಗಿ ಬಂದ ಗಾಡಿ ಹುಲ್ಲು ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತು, ಹಸಿಯಾಗಿಯೇ. ಮೇಸ್ತ್ರಿ ಹೆಂಡತಿಗೆ ಉಬ್ಬಸ ಜೋರಾಗಿ, ಬೆಳಿಗ್ಗೆ ಹತ್ತಕ್ಕೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಹೋಗುವಾಗ ಎಲ್ಲರಿಗೂ ಕೇಳುವಂತೆ, ಟಾರ್ಪಾಲು ತೆಗೀಬ್ಯಾಡ್ರಿ ಎಂದು ಹೇಳಿಯೇ ಹೋಗಿದ್ದರು.

ಹನ್ನೆರಡು ಗಂಟೆಗೆ ನನ್ನ ಮೇಜಿಗೆ ಮ್ಯಾನೇಜರ ಫೋನು ಬಂತು. ವ್ಯಾಗನ್ ಸಿಕ್ಕಿದೆ, ಸಂಜೆ ಆರರೊಳಗೆ ಹನ್ನೊಂದೂ ಗೂಡ್ಸ್ ಶೆಡ್ಡಿನಲ್ಲಿರಬೇಕು ಎಂದರು. ಹುಲ್ಲಿನ ವಿಷಯ ಅವರು ಎತ್ತಲಿಲ್ಲ, ನಾನೂ ಹೇಳಲಿಲ್ಲ. ಆಗಲಿ ಸಾರ್ ಎಂದು ಫೋನಿಟ್ಟೆ.

ಶೆಡ್ಡಿಗೆ ಹೋಗಿ ನೋಡಿದರೆ ನಾಲ್ಕು ಪೆಟ್ಟಿಗೆ ಖಾಲಿ ಬಾಯಿ ತೆರೆದುಕೊಂಡಿದ್ದವು. ಉಳಿದವರೆಲ್ಲ ತುಂಬಿದ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದರು. ಅಟ್ಟೂರಿನಾಕೆ ಒಬ್ಬಳೇ ಅಲ್ಲಿದ್ದಳು. ಟಾರ್ಪಾಲು ತೆಗೆದು ಇವನ್ನು ತುಂಬು ಎಂದೆ.

'ಅದು ಅಸಿ ಐತೆ ಸಾರ್. ಮೇಸ್ತ್ರಣ್ಣ ಮುಟ್ಬೇಡಿ ಅಂದವ್ರೆ.'

'ಮೇಸ್ತ್ರಿ ಒಪ್ಪಿದಾರೆ. ಹೋಗೋವಾಗ ನನಗೆ ಹೇಳಿ ಹೋದ್ರು.'

ಇದು ನಾನು ಹೇಳಿದ ಮಾತು. ಮೇಸ್ತ್ರಿ ನನಗೆ ಏನೂ ಹೇಳಿರಲಿಲ್ಲ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಟಾರ್ಪಾಲು ತೆಗೆದಳು. ಮೇಲಿನ ಹುಲ್ಲನ್ನು ಆರಿಸಿ, ಒದರಿ, ಸೀರೆಯ ಸೆರಗಿನಿಂದ ಒರೆಸಿ ತುಂಬಿದಳು. ಐದೂವರೆಗೆ ನಾಲ್ಕೂ ಮುಗಿಸಿದಳು. ಪ್ರತಿ ಪೆಟ್ಟಿಗೆಗೂ ಚೀಟಿ ಬರೆದಿಟ್ಟಳು. ಮೊಳೆ ಹೊಡೆದ ಮೇಲೆ ಎತ್ತಿ ಅಲ್ಲಾಡಿಸಿ ಕಿವಿ ಇಟ್ಟಳು. ನನ್ನನ್ನೂ ಕರೆದು ಕೇಳಿಸಿದಳು. ಒಂದರಲ್ಲೂ ಸದ್ದಿಲ್ಲ. ಹಸಿ ಹುಲ್ಲು ಉಬ್ಬಿ ಗಾಜನ್ನು ಬಿಗಿಯಾಗಿ ಹಿಡಿದಿತ್ತು. ಅಂಥ ಬಿಗಿ ಪ್ಯಾಡಿಂಗ್ ಒಣ ಹುಲ್ಲಿನಲ್ಲೂ ಆಗುವುದಿಲ್ಲ. ಅದೇ ಹುಲ್ಲು ಬಿಸಿಲು ನಾಡಿನಲ್ಲಿ, ಕಾದ ವ್ಯಾಗನ್ನಿನೊಳಗೆ ದಿನಗಟ್ಟಲೆ ಒಣಗಿದಾಗ ಕುಗ್ಗಿ, ಒಳಗಿನ ಗಾಜು ಸಡಿಲಾಗುತ್ತದೆ ಎಂಬುದು ಮೇಸ್ತ್ರಿಯೊಬ್ಬರಿಗೇ ಗೊತ್ತಿದ್ದ ಸಂಗತಿ.

ಅವರು ನಾಲ್ಕು ದಿನ ಬಿಟ್ಟು ಬಂದರು. ಹೆಂಡತಿ ಚೇತರಿಸಿಕೊಂಡಿದ್ದರು. ಅಷ್ಟರಲ್ಲಿ ಮಳೆ ನಿಂತಿತ್ತು, ಉಳಿದ ಹುಲ್ಲನ್ನು ಹೆಂಗಸರು ಅಂಗಳದಲ್ಲಿ ಹರವಿದ್ದರು. ಎಷ್ಟು ಕಡಿಮೆಯಾಗಿದೆ ಎಂದು ನೋಡಿ ಹೇಳುವಂತಿರಲಿಲ್ಲ. ಅವರು ನನ್ನ ಕಿಟಕಿಯ ಹತ್ತಿರ ಬಂದು ಕೇಳಿದ್ದು ಎರಡು ಪ್ರಶ್ನೆ. ಹನ್ನೊಂದೂ ಹೋದವೇ? ಹೋದವು ಎಂದೆ. ಹುಲ್ಲು ಸಾಕಾಯಿತೇ? ಸಾಕಾಯಿತು ಎಂದೆ. 'ಚಲೋ ಆತು' ಎಂದು ಹೊರಟರು.

ಎರಡು ತಿಂಗಳು ಕಳೆಯಿತು.

ಪೆಟ್ಟಿಗೆಗಳು ವಾಪಸ್ ಬಂದದ್ದು ಒಂದು ಮಂಗಳವಾರ. ಮೇಸ್ತ್ರಿ ನಾಲ್ಕನ್ನೂ ತಾವೇ ಬಿಚ್ಚಿದರು. ಒಡೆದ ಗಾಜನ್ನು ಬಟ್ಟೆಯ ಮೇಲೆ ಹರವಿದರು. ನಾಲ್ಕು ತಳಗಳಿಂದ ನಾಲ್ಕು ಚೀಟಿ ತೆಗೆದರು. ನಾಲ್ಕರ ಮೇಲೂ ಏಳು. ಅವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡರು.

ಮಧ್ಯಾಹ್ನ ಮ್ಯಾನೇಜರು ಶೆಡ್ಡಿಗೆ ಬಂದರು. ಸಿಟ್ಟಿನ ಮನುಷ್ಯರಲ್ಲ. ಕಾಲೇಜಿನವರ ಪತ್ರ ಕೈಯಲ್ಲಿತ್ತು. ಮೇಲಿನವರಿಗೆ ಉತ್ತರ ಹೋಗಬೇಕು, ಶುಕ್ರವಾರ ವಿಚಾರಣೆ, ನಿಮ್ಮ ಚೀಟಿ ಪದ್ಧತಿ ಇದೆಯಲ್ಲ ಮೇಸ್ತ್ರಿ, ಯಾರ ಕೈ ಅಂತ ಅದೇ ಹೇಳುತ್ತೆ, ಟೆಂಪರರಿ ಆಗಿದ್ದರೆ ತೆಗೆದುಬಿಟ್ಟರೆ ಮುಗಿಯಿತು ಎಂದರು. ಶುಕ್ರವಾರ ಚೀಟಿ ತರುತ್ತೇನೆ ಎಂದು ಮಾತ್ರ ಮೇಸ್ತ್ರಿ ಹೇಳಿದರು. ಅಟ್ಟೂರಿನಾಕೆ ಹುಲ್ಲಿನ ರಾಶಿಯ ಹತ್ತಿರ ಇದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

ಬುಧವಾರ ಹತ್ತೂವರೆಯ ಹೊತ್ತಿಗೆ ಮೇಸ್ತ್ರಿ ಅವಳನ್ನು ನಲ್ಲಿಯ ಹತ್ತಿರ ಕರೆದು ಮಾತಾಡಿಸಿದ್ದನ್ನು ನನ್ನ ಕಿಟಕಿಯಿಂದ ನೋಡಿದೆ. ಮಾತು ಕೇಳಿಸುತ್ತಿರಲಿಲ್ಲ. ಅವಳು ಕೊಡ ತುಂಬುತ್ತಲೇ ಏನೋ ಹೇಳಿದಳು. ಮೇಸ್ತ್ರಿ ಒಮ್ಮೆ ತಲೆ ತಿರುಗಿಸಿ ನನ್ನ ಕಿಟಕಿಯ ಕಡೆ ನೋಡಿದರು. ಮತ್ತೆ ಅವಳ ಕಡೆ ತಿರುಗಿ ತಲೆಯಾಡಿಸಿದರು. ಕೊಡ ತುಂಬಿ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿದ್ದು ಅವರೇ.

ಸಂಜೆ ಮನೆಗೆ ನಡೆಯುವಾಗ ಅವರು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುತ್ತಿತ್ತು. ಅವರು ವ್ಯಾಗನ್ನುಗಳನ್ನು ನೋಡುತ್ತಾ ನಿಂತಿದ್ದರು. ಕೊನೆಯ ವ್ಯಾಗನ್ ಹೋದ ಮೇಲೆ ಬಾಯಿಬಿಟ್ಟರು.

'ತಮ್ಮಾ, ನಾಳೆ ಮ್ಯಾನೇಜರಿಗೆ ಒಂದು ಕಾಗದ ಕೊಡ್ಬೇಕು. ನನಗ ಇಂಗ್ಲಿಷ್ ಬರಂಗಿಲ್ಲ. ನೀ ಬರಿ.'

ಏನಂತ ಬರೆಯಲಿ ಎಂದು ಕೇಳಿದೆ.

'ಆ ದಿನ ನೀ ಇದ್ದಿ, ನಾ ಇದ್ದಿಲ್ಲ. ಏನಾತು ಅದನ್ನ ಬರಿ.'

ಗೇಟು ತೆರೆಯಿತು. ನಾವು ದಾಟಿದೆವು.

ಆ ದಿನ ಬೆಳಿಗ್ಗೆಯೆಲ್ಲ ಬೇರೆ ಕೆಲಸ ಮಾಡದೆ ಬರೆದೆ. ಎರಡೂವರೆ ಪುಟ ಆಯಿತು. ಮಳೆಯ ಬಗ್ಗೆ ಒಂದು ಪ್ಯಾರಾ. ವ್ಯಾಗನ್ ತಡವಾಗಿ ಸಿಕ್ಕಿದ್ದರ ಬಗ್ಗೆ ಒಂದು. ದಾರಿಯಲ್ಲಿ ಹಮಾಲರು ಪೆಟ್ಟಿಗೆಗಳನ್ನು ಎತ್ತಿಹಾಕುವ ರೀತಿ, ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಸರಕು ಬದಲಾಗುವಾಗಿನ ಅಪಾಯ, ಮರದ ಹಲಗೆಯ ಗುಣಮಟ್ಟ. 'ಅಂದಿನ ಅನಿವಾರ್ಯ ಸಂದರ್ಭದಲ್ಲಿ ಲಭ್ಯವಿದ್ದ ಹುಲ್ಲನ್ನು ಬಳಸಲಾಯಿತು' ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಎರಡನೇ ಪುಟದ ನಡುವೆ ಇತ್ತು. ಯಾರು ಬಳಸಿದರು, ಯಾರು ಹೇಳಿದರು ಎಂಬುದು ಎಲ್ಲೂ ಇರಲಿಲ್ಲ. ಬರೆದು ಮುಗಿಸಿದಾಗ, ಅದು ಚೆನ್ನಾಗಿದೆ ಎಂದು ನನಗೆ ಅನಿಸಿತ್ತು ಎಂಬುದನ್ನೂ ದಾಖಲಿಸಬೇಕು.

ಊಟದ ಹೊತ್ತಿನಲ್ಲಿ ಶೆಡ್ಡಿಗೆ ಹೋಗಿ, ಒಂದೊಂದು ಸಾಲೂ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ಮೇಸ್ತ್ರಿ ಜೋಳದ ರೊಟ್ಟಿಯ ಬುತ್ತಿ ಬಿಚ್ಚದೆ, ವಾಪಸ್ ಬಂದ ಪೆಟ್ಟಿಗೆಯೊಂದರ ಮೇಲೆ ಕೂತು ಕೇಳಿದರು. ನಡುವೆ ಒಂದು ಸಲವೂ ತಡೆಯಲಿಲ್ಲ. ಮುಗಿದ ಮೇಲೆ ಕಾಗದಗಳನ್ನು ಕೈಗೆ ತೆಗೆದುಕೊಂಡು, ತೂಕ ನೋಡುವವರ ಹಾಗೆ ಹಿಡಿದರು.

'ಇದರಾಗ ಹುಲ್ಲು ಭಾಳ ಐತಿ' ಎಂದರು. 'ಸಾಮಾನು ಕಾಣವಲ್ದು.'

ಕೂತಿದ್ದ ಪೆಟ್ಟಿಗೆಯ ಹಲಗೆಯನ್ನು ಬೆರಳಿನಿಂದ ತಟ್ಟಿದರು.

'ಯಾವುದು ಒಡೀತೈತಿ, ಅದರ ಸುತ್ತ ಪ್ಯಾಡಿಂಗ್ ಹಾಕ್ತೀವಿ. ಈಗ ಒಡೀಲಿಕ್ಕೆ ನಿಂತಿದ್ದು ಆ ಹೆಣ್ಣಮಗಳ ಬಾಳೇವು. ಆಕಿ ಸುತ್ತ ಏನು ಹಾಕೀದಿ ನೀ?'

ದನಿ ಏರಿಸಿರಲಿಲ್ಲ. ಆಚೆ ಕೂತು ಮುದ್ದೆ ಉಣ್ಣುತ್ತಿದ್ದ ಹೆಂಗಸರು ಈ ಕಡೆ ತಿರುಗಿಯೂ ನೋಡಲಿಲ್ಲ. ಕಾಗದಗಳನ್ನು ನನಗೆ ವಾಪಸ್ ಕೊಟ್ಟು ಇನ್ನೂ ಎರಡು ಮಾತು ಹೇಳಿದರು. ನಾಳೆ ನಾಲ್ಕೂ ಚೀಟಿಗಳನ್ನು ಇದ್ದ ಹಾಗೆ ಮೇಜಿನ ಮೇಲೆ ಇಡುತ್ತೇನೆ, ಹರಿದು ಹಾಕುವುದಿಲ್ಲ ಎಂದರು. ನಿನ್ನ ಹೆಸರನ್ನು ನನ್ನ ಬಾಯಿಂದ ಹೇಳುವುದಿಲ್ಲ ಎಂದೂ ಹೇಳಿದರು. ಆಮೇಲೆ ಬುತ್ತಿ ಬಿಚ್ಚಿದರು. ಒಂದು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ದಿನಾ ಕೊಡುತ್ತಿದ್ದ ಹಾಗೆಯೇ.

ಶುಕ್ರವಾರ ಹನ್ನೊಂದು ಗಂಟೆಗೆ ಮ್ಯಾನೇಜರ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಮ್ಯಾನೇಜರು ಮೇಜಿನ ಹಿಂದೆ. ಮೇಸ್ತ್ರಿ ಮತ್ತು ನಾನು ಎದುರಿಗೆ ನಿಂತಿದ್ದೆವು. ಅಟ್ಟೂರಿನಾಕೆ ಬಾಗಿಲ ಬಳಿ, ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದಳು. ಅವಳು ಆ ದಿನ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಯಾಕೆ ಎಂದು ನನಗೆ ಇಂದಿಗೂ ತಿಳಿಯದು.

ಮೇಸ್ತ್ರಿ ಜೇಬಿನ ಗುಂಡಿ ಬಿಚ್ಚಿ ನಾಲ್ಕು ಚೀಟಿಗಳನ್ನು ಸಾಲಾಗಿ ಇಟ್ಟರು. ಮ್ಯಾನೇಜರು ನೋಡಿ, ಏಳು ಯಾರು ಎಂದು ಕೇಳಿದರು.

'ನಾನೇ ಸಾರ್' ಎಂದಳು ಅವಳು.

ಹುಲ್ಲು ಒಣಗಿತ್ತಾ?

'ಇಲ್ಲ ಸಾರ್. ಅಸಿ ಇತ್ತು.'

ಹಸಿ ಅಂತ ಗೊತ್ತಿದ್ದೂ ತುಂಬಿದೆಯಾ?

ಅವಳು ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ನಿಂತಳು. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಸ್ತ್ರಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ನಾನು ಜೇಬಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟೆ. ಕನ್ನಡದಲ್ಲಿ ಬರೆದಿದ್ದೆ. ಮೂರು ವಾಕ್ಯಗಳಿದ್ದವು. ಹಸಿ ಹುಲ್ಲು ಬಳಸಲು ಹೇಳಿದವನು ನಾನು. ಮೇಸ್ತ್ರಿ ಒಪ್ಪಿದ್ದಾರೆ ಎಂದು ಈಕೆಗೆ ಸುಳ್ಳು ಹೇಳಿದೆ. ಮೇಸ್ತ್ರಿ ಕೇಳಿದಾಗ ಅವರಿಗೂ ಸುಳ್ಳು ಹೇಳಿದೆ. ಕೆಳಗೆ ಸಹಿ.

ಮ್ಯಾನೇಜರು ಎರಡು ಸಲ ಓದಿದರು. ಹಸಿ ಹುಲ್ಲು ಹಾಕು ಎಂದು ತಾವು ಹೇಳಿದ್ದುಂಟೇ ಎಂದು ಕೇಳಿದರು. ಇಲ್ಲ ಎಂದೆ. ಹುಲ್ಲು ಇಲ್ಲ ಎಂದು ತಮಗೆ ಹೇಳಬಹುದಿತ್ತಲ್ಲವೇ ಎಂದು ಕೇಳಿದರು. ಹೌದು ಎಂದೆ.

ಆಗ ಮೇಸ್ತ್ರಿ ಮುಂದೆ ಬಂದು ನಾಲ್ಕು ಚೀಟಿಗಳನ್ನೂ ಒಂದೊಂದಾಗಿ ತಿರುಗಿಸಿಟ್ಟರು. ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಒಂದು ಎಂದು ಬರೆದಿತ್ತು. ಅವರ ನಂಬರು. ಹಸಿ ಹುಲ್ಲನ್ನು ಬರೀ ಟಾರ್ಪಾಲು ಮುಚ್ಚಿ ಬಿಟ್ಟು ಹೋಗಬಾರದಿತ್ತು, ಕೋಣೆಗೆ ಹಾಕಿ ಕೀಲಿ ಹಾಕಬೇಕಿತ್ತು, ಅವಸರದಲ್ಲಿ ಹಾಗೇ ಹೋದೆ, ಆದ್ದರಿಂದ ತಪ್ಪಿನಲ್ಲಿ ನನ್ನದೂ ಪಾಲಿದೆ ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ತೀರ್ಮಾನ ಮಧ್ಯಾಹ್ನದೊಳಗೆ ಟೈಪಾಗಿ ಬಂತು. ನನಗೆ ತಿಂಗಳ ಕೊನೆಗೆ ಕೆಲಸ ಬಿಡಲು ಹೇಳಿದರು. ಮೇಸ್ತ್ರಿಗೆ ಮೆಮೊ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಬಂದ ಮೊದಲ ಮೆಮೊ. ಅಟ್ಟೂರಿನಾಕೆಯ ಹೆಸರು ಪಟ್ಟಿಯಲ್ಲಿ ಉಳಿಯಿತು. ನವೆಂಬರ್‌ನಲ್ಲಿ ಅವಳು ಖಾಯಂ ಆದಳು.

ನನ್ನ ಕೊನೆಯ ದಿನ ಶೆಡ್ಡಿಗೆ ಹೋಗಿ ಹೇಳಿ ಬರಬೇಕೆಂದು ಹೋದೆ. ಅವಳು ಹುಲ್ಲು ಒದರುತ್ತಿದ್ದಳು. ಕೈ ನಿಲ್ಲಿಸದೆ ಒಂದೇ ಮಾತು ಕೇಳಿದಳು.

'ಸುಳ್ಳು ಯಾಕ್ ಏಳಿದ್ರಿ ಸಾರ್? ಮ್ಯಾನೇಜರು ಏಳವ್ರೆ ಅಂದಿದ್ರೂ ಮಾಡ್ತಿದ್ದೆ.'

ಅವಳ ಮಾತು ನಿಜ. ಮೇಸ್ತ್ರಿಯ ಹೆಸರು ಹೇಳಿದರೆ ಕೆಲಸ ಬೇಗ ಆಗುತ್ತದೆ ಎಂಬುದಷ್ಟೇ ಕಾರಣ.

ಆಮೇಲಿನ ಎರಡು ತಿಂಗಳು ನಾನು ಬೆಳಿಗ್ಗೆ ಹೊತ್ತು ಮೇಸ್ತ್ರಿಯ ಮನೆಯ ಮುಂದೆ ಹಾಯದೆ ಹಿಂದಿನ ಗಲ್ಲಿಯಲ್ಲಿ ಓಡಾಡಿದೆ. ಒಂದು ಭಾನುವಾರ ಅವರೇ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಕುಡಿದರು. ಅಂಗಿ ಹಾಕ್ಕೋ, ಬಾ ಎಂದು ಕರೆದುಕೊಂಡು ಹೋದರು. ಅವರ ಕಡೆಯವರೊಬ್ಬರು ಮತ್ತಿಕೆರೆಯಲ್ಲೇ ಇದ್ದರು. ಒಂದು ದಿನಪತ್ರಿಕೆಯಲ್ಲಿ ಹಿರಿಯ ಪ್ರೂಫ್ ರೀಡರು. ಮೇಸ್ತ್ರಿ ನನ್ನನ್ನು ಅವರ ಮುಂದೆ ಕೂರಿಸಿ, ನಡೆದದ್ದನ್ನೆಲ್ಲ, ಎರಡು ಸುಳ್ಳನ್ನೂ ಸೇರಿಸಿ, ಬಿಡದೆ ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಕೊನೆಗೆ, 'ಎರಡೂವರೆ ಪುಟ ಬರದಿದ್ದ. ತಾನೇ ಹರದು ಮೂರು ಸಾಲು ಮಾಡ್ಯಾನ್ರಿ. ನಿಮ್ಮಲ್ಲಿ ಇಂಥವರು ಬೇಕಾಗ್ತಾರೇನು ನೋಡ್ರಿ' ಎಂದರು.

ಮರು ತಿಂಗಳು ನಾನು ಪ್ರೂಫ್ ರೀಡರಾಗಿ ಸೇರಿದೆ. ಮೂರು ವರ್ಷದ ಮೇಲೆ ಸುದ್ದಿ ವಿಭಾಗಕ್ಕೆ ಹೋದೆ. ಅಲ್ಲಿ ಪ್ಯಾಡಿಂಗ್ ಎಂದರೆ ಜಾಗ ತುಂಬಿಸುವ ಮಾತು. ನಮ್ಮ ಮುಖ್ಯ ಉಪಸಂಪಾದಕರು ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಹಾಕುತ್ತಿದ್ದರು. 'ಬಳಸಲಾಯಿತು', 'ಕೈಗೊಳ್ಳಲಾಯಿತು' ಎಂಬ ಮಾತು ಕಂಡರೆ, ಯಾರು ಬಳಸಿದ್ದು, ಯಾರು ಕೈಗೊಂಡದ್ದು ಎಂದು ಬದಿಯಲ್ಲಿ ಬರೆದು ವರದಿಗಾರನಿಗೆ ವಾಪಸ್ ಕಳಿಸುತ್ತಿದ್ದರು. ಹೊಸಬರು ಅವರಿಗೆ ಹೆದರುತ್ತಿದ್ದರು. ನನಗೆ ಅವರ ಬಳಿ ಕಲಿಯುವುದಕ್ಕೆ ಹೆಚ್ಚು ಉಳಿದಿರಲಿಲ್ಲ.

ಮೇಸ್ತ್ರಿ 1984ರಲ್ಲಿ ನಿವೃತ್ತರಾದರು. ಶೆಡ್ಡಿನ ಉಸ್ತುವಾರಿ ಅಟ್ಟೂರಿನಾಕೆಗೆ ಬಂತು. ನಿವೃತ್ತಿಯ ಮೇಲೂ ಅವರು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಹುಲ್ಲಿನ ರಾಶಿಯ ಹತ್ತಿರ ಕೂತು ಬರುತ್ತಿದ್ದರಂತೆ. ಗಾಡಿ ಹುಲ್ಲು ಬರುವುದು ಕಡಿಮೆಯಾಗಿ, ಥರ್ಮಾಕೋಲಿನ ತುಂಡುಗಳು ಚೀಲದಲ್ಲಿ ಬರತೊಡಗಿದ್ದವು. ಅದನ್ನು ಹಿಡಿದು ಕಿವಿಯ ಹತ್ತಿರ ಹಿಂಡಿ ನೋಡಿದರಂತೆ. ಒಣಗಿದ್ದೂ ಗೊತ್ತಾಗುವುದಿಲ್ಲ, ಹಸಿ ಇದ್ದದ್ದೂ ಗೊತ್ತಾಗುವುದಿಲ್ಲ ಎಂದು ನನ್ನ ಮುಂದೆ ದೂರಿದ್ದರು. ನನ್ನ ವರದಿಗಳು ಪತ್ರಿಕೆಯಲ್ಲಿ ಬಂದಾಗ ಹೆಂಡತಿಯಿಂದ ಓದಿಸಿ ಕೇಳುತ್ತಿದ್ದರು, ಕಣ್ಣು ಮಂಜಾಗಿತ್ತು. ಮೆಚ್ಚಿದ್ದೇನೆ ಎಂದು ಎಂದೂ ಹೇಳಿದವರಲ್ಲ. ಬೀದಿಯಲ್ಲಿ ಸಿಕ್ಕರೆ, 'ನಿನ್ನೆ ಹುಲ್ಲು ಒಂದೀಟು ಹೆಚ್ಚಾತು ತಮ್ಮಾ' ಎನ್ನುವರು, ಇಲ್ಲವೇ ಏನೂ ಹೇಳದೆ ತಲೆಯಾಡಿಸಿ ಮುಂದೆ ಹೋಗುವರು.

1987ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಗ ಒಲೆಯ ಮುಂದೆಯೇ ಕುಸಿದರು. ನಾನು ಓಡಿ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಅಂಗೈಗಳು ಎದೆಯ ಮೇಲಿದ್ದವು. ತೋಳಿನ ಬಿಳಿ ಗೆರೆಗಳು ಹಾಗೇ ಇದ್ದವು.

ಅವರ ಹೆಂಡತಿ ಗದಗದಲ್ಲಿದ್ದ ತಮ್ಮನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಸಾಮಾನು ಹೆಚ್ಚಿರಲಿಲ್ಲ. ಒಡೆಯುವಂಥವು ಕೆಲವು ಇದ್ದವು: ಮೇಸ್ತ್ರಿಯ ತಂದೆಯ ಕಾಲದ ಒಂದು ದೊಡ್ಡ ಕನ್ನಡಿ, ಗಾಜಿನ ಕಟ್ಟು ಹಾಕಿದ ದೇವರ ಪಟಗಳು, ಆರು ಪಿಂಗಾಣಿ ಬಟ್ಟಲು. ಇವನ್ನು ಕಟ್ಟುವ ದಿನ ಅಟ್ಟೂರಿನಾಕೆ ಬಂದಳು. ಯಾರು ಹೇಳಿ ಕಳಿಸಿದ್ದರೋ ಗೊತ್ತಿಲ್ಲ. ಎರಡು ಗೋಣಿಚೀಲ ಭತ್ತದ ಹುಲ್ಲನ್ನು ರೈಲಿನಲ್ಲಿ ಹಾಕಿಕೊಂಡು ಬಂದಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಚೀಲದ ಬಾಯಿ ಬಿಚ್ಚಿ ಮುಂದೆ ಹಿಡಿದಳು.

'ಪೇಪರ್‌ನವ್ರು ನೋಡಿ ಏಳಿ ಸಾರ್. ಒಣಗೈತಾ?'

ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಂಡಿದೆ. ಒಣಗಿದೆ ಎಂದೆ. ಅವಳು ಅದರ ಮೇಲೂ ತಾನೊಮ್ಮೆ ಹಿಂಡಿ ನೋಡಿದಳು.

ಎರಡು ಪೆಟ್ಟಿಗೆ ಆದವು. ತಳಕ್ಕೆ ಒಂದು ಗೇಣು, ಗೋಡೆಗೆ ಮೂರು ಬೆರಳು. ಕನ್ನಡಿಯನ್ನು ಅವರ ಹೆಂಡತಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ನಡುವೆ ಇಟ್ಟಳು. ಪಟಗಳ ಸಂದಿಗೆ ತುಂಬಲು ಹಳೆಯ ಕಾಗದ ಬೇಕಿತ್ತು. ಅಟ್ಟದ ಮೇಲಿನ ಒಂದು ತಗಡಿನ ಡಬ್ಬಿಯನ್ನು ಅವರ ಹೆಂಡತಿ ಇಳಿಸಿ ಕೊಟ್ಟರು. ಅದರಲ್ಲಿ ನಾಲ್ಕಾಗಿ ಮಡಿಸಿದ ಮೆಮೊ ಇತ್ತು. ನಾಲ್ಕು ಚೀಟಿಗಳಿದ್ದವು. ನಾನು ಬರೆದಿದ್ದ ಮೂರು ವಾಕ್ಯಗಳ ಹಾಳೆ ಇತ್ತು. ಅದನ್ನು ಅವರು ಮ್ಯಾನೇಜರ ಹತ್ತಿರ ಯಾವಾಗ, ಹೇಗೆ ಕೇಳಿ ಪಡೆದರೋ ತಿಳಿಯದು. ಅವನ್ನು ಪೆಟ್ಟಿಗೆಗೆ ಹಾಕಲಿಲ್ಲ. ಅವರ ಹೆಂಡತಿ ಡಬ್ಬಿಯನ್ನು ಮುಚ್ಚಿ ನನಗೆ ಕೊಟ್ಟರು.

ಮುಚ್ಚಳಕ್ಕೆ ಮೊಳೆ ಹೊಡೆದ ಮೇಲೆ ನಾವಿಬ್ಬರೂ ಸೇರಿ ಪೆಟ್ಟಿಗೆ ಎತ್ತಿ ಅಲ್ಲಾಡಿಸಿದೆವು. ಅವಳು ಒಂದು ಬದಿಗೆ ಕಿವಿ ಇಟ್ಟಳು, ನಾನು ಇನ್ನೊಂದು ಬದಿಗೆ.

ಮಾರ್ಚ್ ಮೊದಲ ವಾರ ಗದಗದಿಂದ ಅಂಚೆ ಕಾರ್ಡು ಬಂತು. ಬೇರೆ ಯಾರದೋ ಕೈಬರಹ, ಮಾತು ಅವರ ಹೆಂಡತಿಯದು. ಕನ್ನಡಿ, ಪಟ, ಬಟ್ಟಲು ಎಲ್ಲ ನೆಟ್ಟಗೆ ಬಂದಿವೆ. ಎರಡೂ ಪೆಟ್ಟಿಗೆಯ ತಳದಲ್ಲಿ ಏಳು ಎಂದು ಬರೆದ ಚೀಟಿ ಸಿಕ್ಕಿತು. ಹುಲ್ಲನ್ನು ಬಾಜೂ ಮನೆಯ ಆಕಳಿಗೆ ಹಾಕಿದೆವು.